ಹಲ್ಲಿಗೆ ಸಿಕ್ಕ ಬೂದಿ

ಮೇಷ್ಟ್ರ ಮುಂದಿನ ಎರಡು ಹಲ್ಲು ಅರ್ಧಕ್ಕರ್ಧ ಸವೆದಿದ್ದವು. ಕೆರೆಮಣ್ಣು ಅಗಿದು ಅಗಿದು ಸವೆದದ್ದು. ಕೆರೆಯ ತಳಕ್ಕೆ ಕೊಳವೆ ಇಳಿಸಿ ಎತ್ತಿದ ಮಣ್ಣನ್ನು ಉಳಿದವರು ಕಣ್ಣಿನಿಂದ ನೋಡಿದರೆ ಅವರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಜೇಡಿ ಬೆಣ್ಣೆಯ ಹಾಗೆ ಜಾರುತ್ತದೆ. ಜ್ವಾಲಾಮುಖಿಯ ಬೂದಿ ಗಾಜಿನ ಪುಡಿ, ಕರಕರ ಎನ್ನುತ್ತದೆ.

ಎಂದೋ ಸುಮಾತ್ರಾದಲ್ಲಿ ಸಿಡಿದ ಬೆಟ್ಟದ ಬೂದಿ ನಮ್ಮ ಕೊಳ್ಳೇಗಾಲದ ಸೀಮೆಗೂ ಬಿದ್ದಿರಲೇಬೇಕು ಎಂಬುದು ಅವರ ಹಟ. ಬೂದಿಯ ಪದರದ ಮೇಲಿನ ಮಣ್ಣು, ಕೆಳಗಿನ ಮಣ್ಣು ಎರಡರ ವಯಸ್ಸೂ ತಿಳಿದರೆ ಬೆಟ್ಟ ಸಿಡಿದ ಕಾಲ ನಡುವೆ ಸಿಕ್ಕಿಬೀಳುತ್ತದೆ. ಆಯುಸ್ಸೆಲ್ಲ ಹುಡುಕಿದರು, ಸಿಗಲಿಲ್ಲ.

ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ನನಗೆ ಯಳಂದೂರಿನ ಕಡೆಯ ಕೆರೆಯೊಂದರಲ್ಲಿ ಬಿಳಿಯ ಪದರ ಸಿಕ್ಕಿತು. ಎಮ್ಮೆ ತೊಳೆಯುವ ಕೆರೆ. ನನಗೆ ಹೇಸಿಗೆ.

"ಅಗಿದ್ಯಾ?"

"ಅಗಿದೆ ಸಾ."

ಅವರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. "ಸರಿ, ಬರ್ಕೋ ಓಗು," ಎಂದರು. ಒಂದು ವರ್ಷ ಬರೆದೆ. ಸೂಕ್ಷ್ಮದರ್ಶಕದಲ್ಲಿ ಏನೋ ಹೊಳೆದದ್ದೇ ನನಗೆ ಸಾಕಾಗಿತ್ತು.

ಕಾಲೇಜಿನಲ್ಲಿ ಪ್ರಬಂಧ ಒಪ್ಪಿಸುವ ದಿನ ಬಂಡಳ್ಳಿಯಿಂದ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಕೊಳ್ಳೇಗಾಲದ ಅಕ್ಕಿ ಗಿರಣಿಯಲ್ಲಿ ಒಲೆಗೆ ಹೊಟ್ಟು ಹಾಕುವ ಕೆಲಸ ಅವನದು. ನನ್ನ ಮಾತು ಮುಗಿದದ್ದೇ ಮೇಷ್ಟ್ರು ಅಪ್ಪನನ್ನು ಮುಂದೆ ಕರೆದರು.

"ಯಜಮಾನ್ರೇ, ನಿಮ್ ಮಗ ಕಂಡಿಡ್ದಿರದು. ವಸಿ ಬಾಯ್ಗಾಕಂಡ್ ನೋಡಿ."

ಅಪ್ಪ ತೀರ್ಥ ತೆಗೆದುಕೊಳ್ಳುವವನಂತೆ ಬಲಗೈ ಒಡ್ಡಿದ. ನಾಲಿಗೆಗೆ ತಗುಲಿದ್ದೇ ಮುಖ ಅರಳಿತು. "ಬತ್ತದ್ ಒಟ್ಟಿನ್ ಬೂದಿ ಅಲ್ವಾ ಸಾ? ನಾ ದಿನಾ ಅಲ್ಲುಜ್ಜದು ಇದ್ರಲ್ಲೇ!"

ಸಭೆ ಗೊಳ್ಳೆಂದಿತು. ಎಲ್ಲರೂ ನಕ್ಕರೆಂದು ಅಪ್ಪನೂ ನಕ್ಕ. ಹೊಲಕ್ಕೆಂದು ಕೆರೆಯ ಗೋಡುಮಣ್ಣು ತೆಗೆದ ಗುಂಡಿಗೆ ಅಲ್ಲಿನ ಗಿರಣಿಯವರು ಬೂದಿ ಸುರಿದಿದ್ದರು, ಮೇಲೆ ಹೂಳು ಕೂತಿತ್ತು. ನನ್ನ ಕೊಳವೆ ನೇರ ಆ ಗುಂಡಿಗೇ ಇಳಿದಿತ್ತು. ಅಗಿದಿದ್ದರೆ ಅವತ್ತೇ ತಿಳಿಯುತ್ತಿತ್ತು, ಹೊಟ್ಟಿನ ಬೂದಿ ಕರಕರ ಎನ್ನದೆ ಹಲ್ಲಿನಡಿ ಹುಡಿಯಾಗುತ್ತದೆ.

"ವರ್ಷವೆಲ್ಲ ಯಾಕೆ ಸುಮ್ನಿದ್ರಿ ಸಾ?" ಸಭೆ ಮುಗಿದ ಮೇಲೆ ಮೇಷ್ಟ್ರನ್ನು ಕೇಳಿದೆ.

"ನಿನ್ ಸುಳ್ಳು ಎಲ್ಲೀಗಂಟ ಓಯ್ತದೆ ಅಂತ ನೋಡ್ತಿದ್ದೆ ಕಣ್ಲಾ."

"ಅಪ್ಪನ್ನ ಯಾಕೆ ಕರೆದ್ರಿ?"

"ನಾನೇಳಿದ್ರೆ ಮರ್ತುಬುಡ್ತಿದ್ದೆ."

ಅವರನ್ನು ದ್ವೇಷಿಸಿದೆ. ಅವತ್ತಿನಿಂದ ಅಗಿಯದೆ ಒಂದು ಹಿಡಿ ಮಣ್ಣನ್ನೂ ಬಿಟ್ಟಿಲ್ಲ.

ಹೋದ ವರ್ಷ ಲೊಕ್ಕನಹಳ್ಳಿಯ ಕೆರೆಯಲ್ಲಿ, ಹೂಳೆಲ್ಲ ದಾಟಿ ಕೆಳಗಿನ ಹಳೆಯ ಮಣ್ಣಿನಲ್ಲಿ, ಬೆರಳಗಲದ ಬಿಳಿ ಪದರ ಬಂತು. ಅಗಿದೆ. ಕರಕರ ಎಂದಿತು. ಪ್ರಯೋಗಾಲಯವೂ ಜ್ವಾಲಾಮುಖಿಯ ಬೂದಿಯೇ ಹೌದೆಂದಿತು.

ಕಾಗದದಲ್ಲಿ ಕಟ್ಟಿಕೊಂಡು ಯಳಂದೂರಿನ ಅವರ ಮನೆಗೆ ಹೋದೆ. ಬಾಯಿ ಕ್ಯಾನ್ಸರ್, ಹಲ್ಲೆಲ್ಲ ಕಿತ್ತಿದ್ದರು, ನಾಲಿಗೆಗೆ ರುಚಿ ಸ್ಪರ್ಶ ಏನೂ ಇರಲಿಲ್ಲ. ಆದರೂ ಚಿಟಿಕೆ ಬಾಯಿಗಿಟ್ಟು ಬರಿ ವಸಡಿನಲ್ಲಿ ಹೊರಳಿಸಿದರು. ಕಣ್ಣು ನನ್ನ ಮೇಲೇ ಇತ್ತು.

"ಅಗಿದ್ಯಾ?"

"ಅಗಿದೆ ಸಾ."

"ಏನ್ಲಾ ಅದು?"

ಏನೂ ತಿಳಿಯದೆ ನಗುತ್ತಿದ್ದ ಅಪ್ಪನ ಮುಖ ನೆನಪಿಗೆ ಬಂತು.

"ಒಟ್ಟಿನ್ ಬೂದಿ ಸಾ."

ಬಟ್ಟಲಿಗೆ ಉಗಿದರು. "ಆಗ್ಲಿ ಬುಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅದೇ ವಾರ ತೀರಿಕೊಂಡರು.

ಆ ಪದರದ ಬಗ್ಗೆ ಬರೆದ ವರದಿಯಲ್ಲಿ ಮೊದಲ ಕೃತಜ್ಞತೆ ಅವರಿಗೇ ಸಲ್ಲಿಸಿದ್ದೇನೆ. ಮಣ್ಣು ಮಾಡಿ ಬಂದ ಮೇಲೆ ಕೂತು ಬರೆದದ್ದು.