ಸೊಲ್ಲು ಎತ್ತಿದಾಕಿ ಯಾರು

ಹೊಟ್ಟಿ ಉರಕೊಳ್ಳವರು ಉರಕೊಳ್ಳಲಿ, ಆವತ್ತಿನ ಖುಷಿ ನನಗ ಇನ್ನೂ ಎದಿಯಾಗ ಹಿಡಿಸವಲ್ದು. ನಾ ಸಾಲಿ ಓದಿದ್ದು ಎರಡನೇತ್ತೆ ತನಕ. ಅಕ್ಷರ ಸೊಟ್ಟ ಇದ್ರ ಇರಲಿ, ಆದದ್ದು ಆದಂಗ ಬರಿತೀನಿ.

ತೆಲಂಗಾಣ ರಾಜ್ಯ ಬರೋ ಮೊದಲಿನ ವರ್ಷಗಳಾಗ ಮಕ್ತಲ್ ಕಡಿ ನಮ್ಮ ಊರಾಗ ಬರೇ ಜಗಳ. ಇವತ್ತು ಬಂದ್, ನಾಳಿ ಬಸ್ಸಿಲ್ಲ. ರಾಜ್ಯ ಎಲ್ಲಾರಿಗೂ ಬೇಕು, ಆದ್ರ ಮೆರವಣಿಗ್ಯಾಗ ಯಾರು ಮುಂದ ನಿಲ್ಲಬೇಕು ಅನ್ನೋದಕ್ಕ ಕೈ ಕೈ ಹತ್ತತಿತ್ತು. ಕಡೀಗೆ ರಾಜ್ಯ ಬಂತು. ಸಾಲಿ ಹೆಡ್‌ಮಾಸ್ತರ್ರು ಮನಿಗೆ ಬಂದು, "ಜಂಡಾ ಏರಿಸೋ ದಿನ ಹೆಣ್ಣುಮಕ್ಕಳು ಕೂಡಿ ಹಾಡ್ರಿ. ಜಗಳ ಬ್ಯಾಡ, ಎಲ್ಲಾರೂ ಸಮ ಅನ್ನೋ ಹಾಡು ನೀವ ಕಟ್ರಿ ಅಮ್ಮಾ" ಅಂದ್ರು. ಕುರ್ಪಿ ಹಿಡದು ಕಳೆ ತೆಗಿಯೋವಾಗ ಹಾಡು ಕಟ್ಟೋದು ನನಗ ಸಣ್ಣಾಕಿದ್ದಾಗಿಂದ ರೂಢಿ. ನಾ ಹೇಳಿದಂಗ ಮೊಮ್ಮಗಳು ಬರಕೊಂಡಳು. ಆಕಿ ಸಾಲಿ ತೆಲುಗಿಂದು, ನನ್ನ ಕನ್ನಡ ಹಾಡು ತೆಲುಗು ಅಕ್ಷರದಾಗ ಕುಂತಿತು.

ಕುರ್ಪಿ ಒಂದ, ಕಳೆ ಒಂದ, ಬೆನ್ನಿನ ನೋವೂ ಒಂದ,
ಬಡಿದಾಟ ಬ್ಯಾಡವ್ವ, ನಾವು ಎಲ್ಲಾರೂ ಒಂದ.

ನಮ್ಮ ಹೊಲದಾಗ ಒಂದು ಪದ್ಧತಿ ಐತಿ. ನಾವು ಮೇಲಗೇರಿಯವರು, ಬೀರಪ್ಪನ ಒಕ್ಕಲು, ಕುರಿ ಕಾಯೋ ಮಂದಿ. ಹಾಡಿನ ಮೊದಲ ಸೊಲ್ಲು ನಾವ ಎತ್ತಬೇಕು. ಕೆಳಗೇರಿಯವರು ನಮ್ಮ ಬೆನ್ನಿಗೆ ಅದನ್ನ ತಿರುಗಿ ಹೇಳಬೇಕು. ಅವರ ದನಿ ಎಷ್ಟ ಗಟ್ಟಿ ಇರಲಿ, ಮೊದಲು ಬಾಯಿ ತೆಗಿಯಂಗಿಲ್ಲ. ಸಾಲಿ ಅಂಗಳದಾಗ ಕಲಿಸೋವಾಗ ನಾನೂ ಹಂಗ ನಿಲ್ಲಿಸಿದೆ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಸೊಲ್ಲು ಎತ್ತಿದಳು. "ಎಲ್ಲಾರೂ ಒಂದ" ಅನ್ನೋವಾಗ ಕೈ ಬ್ಯಾರೆ ತಿರುವತಿದ್ದಳು, ದೊಡ್ಡಾಕಿ!

ಮೊಮ್ಮಗಳು ಕಾಗದ ಮಡಚಿದಳು. "ಅಜ್ಜೀ, ಎಲ್ಲಾರೂ ಒಂದ ಅಂತಿ. ಅವರು ಯಾವಾಗ್ಲೂ ಹಿಂದ ಯಾಕ?"

"ಅದು ಹಂಗ ಬಂದೈತವ್ವ."

"ಹಂಗಾದ್ರ ಈ ಹಾಡಿನಾಗ ನಾ ನಿಲ್ಲಂಗಿಲ್ಲ."

ಎದ್ದು ಹೋದಳು. ನನಗ ಸಿಟ್ಟು ಬಂತು, ಆಕಿ ಮ್ಯಾಲೆ. ಎರಡು ದಿನ ಆಕಿ ಆ ಕಡೆ ಹಾಯಲಿಲ್ಲ. ಅಡಗಿ ಮಾಡಿದ್ರೂ ನನ್ನ ತಲಿಯಾಗ ಆಕಿ ಮಾತು, ನೀರು ತಂದ್ರೂ ಅದ ಮಾತು. ಆಕಿ ನಿಲ್ಲದಿದ್ರ ಈ ಹಾಡು ಯಾರ ಸಲುವಾಗಿ ಕಟ್ಟಿದೆ?

ಮೂರನೇ ದಿನ ಕೆಳಗೇರಿಯ ಒಬ್ಬಾಕಿನ್ನ ಮುಂದ ಕರದೆ. ಎಷ್ಟೋ ವರ್ಷ ನನ್ನ ಬಾಜೂಕ ಕಳೆ ತೆಗದಾಕಿ. "ನೀ ಸೊಲ್ಲು ಎತ್ತು, ನಾವು ತಿರುಗಿ ಹೇಳ್ತೀವಿ" ಅಂದೆ.

"ಬ್ಯಾಡ್ರೀ ಅಮ್ಮಾ, ನಿಮ್ಮವರು ನನ್ನ ಬಾಳಗೊಡಂಗಿಲ್ಲ."

ನೆಗೆಣ್ಣಿ ಸೆರಗು ಸಿಗಿಸಿಕೊಂಡು ಬಂದಳು. "ಇವರ ಬೆನ್ನಿಗೆ ನಾ ಹಾಡ್ಬೇಕಾ? ನಾಳಿ ಇವರ ಕುರಿ ಕಾಯಿ ಅಂತಿ!"

"ಕಾಯಿ. ನಮ್ಮವು ಅಂತೂ ನಿನ್ನ ಕೈಯಾಗ ಬಡಕಲಾಗ್ಯಾವ, ಅವರವನ್ನಾರ ಚಂದ ಕಾಯಿ."

"ಮುದುಕಿಗೆ ಮತಿ ಕೆಟ್ಟೈತಿ!" ಉಗುಳಿ ಹೋದಳು. ನಮ್ಮ ಗೇರಿಯವರೆಲ್ಲಾ ಆಕಿ ಹಿಂದ. ಡೊಳ್ಳು ಬಡಿತೀನಂದಿದ್ದ ಮೈದುನ ಡೊಳ್ಳು ಗೂಟಕ್ಕ ತೂಗಹಾಕಿದ. ಬಾವಿ ಹತ್ರ ನನ್ನ ಕೊಡಕ್ಕ ಜಾಗ ಬಿಡಲಿಲ್ಲ. ನಾನೂ ಬಿಡಲಿಲ್ಲ, ಒಬ್ಬೊಬ್ಬಾಕಿಗೂ ಹೆಸರು ಹಿಡದು ಬೈದೆ. ಅದನ್ನ ನೋಡಿ ಕೆಳಗೇರಿಯಾಕಿ, "ಆಗಲ್ರೀ ಅಮ್ಮಾ, ಎತ್ತತೀನಿ" ಅಂದಳು. ಮೊಮ್ಮಗಳಿಗೆ ಮಾತ್ರ ಬಾ ಅನ್ನಲಿಲ್ಲ. ಬಂದ್ರ ತಾನ ಬರಲಿ.

ಜಂಡಾ ದಿನ ಸಾಲಿ ಕಟ್ಟಿ ಮ್ಯಾಲೆ ಹಾಡಾಕ ಮೇಲಗೇರಿಯಿಂದ ನಾ ಒಬ್ಬಾಕಿನ. ಮೊಮ್ಮಗಳು ದೂರ ಸಾಲಿ ಹುಡುಗರ ಸಾಲಿನಾಗ ನಿಂತಿದ್ದಳು. ನಮ್ಮ ಗಂಡಸರು ಹಿಂದಿಂದ ಸಿಳ್ಳಿ ಹಾಕಿದ್ರು. "ಇಳೀರೇ ಸಾಕು!"

ಕೆಳಗೇರಿಯಾಕಿ ಬಾಯಿ ತೆಗದಳು. ಮೊದಲ ಮಾತು ನಡುಗಿತು, ಎರಡನೇದಕ್ಕ ದನಿ ನೆಟ್ಟಗ ನಿಂತಿತು. ನಾ ತಡಿಬೇಕಾಗಿತ್ತು. ಜನ್ಮದಾಗ ಒಬ್ಬರ ಹಿಂದ ಹಾಡಿದಾಕಿ ಅಲ್ಲ, ಆಕಿ ಸೊಲ್ಲು ಮುಗಿಯೋದರಾಗ ನಡುವ ಬಾಯಿ ಹಾಕಿದೆ! ಆಕಿ ಗಪ್ಪಾದಳು. ಹಿಂದಿನವರು ಕೇಕಿ ಹಾಕಿ ನಕ್ಕರು. "ನೋಡ್ರಪ್ಪಾ ಸಮಾನತೆ!"

ಆವಾಗ ನನ್ನ ಮೊಣಕೈ ಯಾರೋ ಚಿವುಟಿದ್ರು. ಮೊಮ್ಮಗಳು! ಸಾಲು ಬಿಟ್ಟು ಓಡಿ ಬಂದಿದ್ದಳು. ಕೆಳಗೇರಿಯಾಕಿ ಮತ್ತ ಮೊದಲಿಂದ ಸೊಲ್ಲು ಎತ್ತಿದಳು.

"ಅಜ್ಜೀ, ತಡಿ. ಆಕಿ ಮುಗಿಸಲಿ. ಇನ್ನೂ ಇಲ್ಲ... ಹೂಂ, ಈಗ!"

ಮೊಮ್ಮಗಳು "ಈಗ" ಅಂದಾಗ ಹಾಡಿದೆ. ದನಿ ಒಡೀತು, ಮೂಗು ಸೋರಿತು, ಆದರೂ ಹಾಡಿದೆ. ಸಿಳ್ಳಿ ನಿಲ್ಲಲಿಲ್ಲ. ನೆಗೆಣ್ಣಿ ಇವತ್ತಿಗೂ ನನ್ನ ಹೊಸ್ತಿಲು ತುಳಿದಿಲ್ಲ, ತುಳಿಯೋದು ಬ್ಯಾಡ. ನನ್ನ ಮೊಮ್ಮಗಳು ಕಡೀ ಸೊಲ್ಲಿನತನಕ ನನ್ನ ಮೊಣಕೈ ಬಿಡಲಿಲ್ಲರೀ!