ಬೈದವರು ಏಳು ಜನ

ಎಂಟು ಪುಟದ ಯೋಜನಾ ವರದಿಯನ್ನು ನಾನೇ ಕೂತು ಬರೆದು ಟೈಪ್ ಮಾಡಿಸಿದ್ದೆ. ಹಿರಿಯೂರಿನ ಹತ್ತಿ ವ್ಯಾಪಾರಿ ಸಾಹೇಬರು ಅದನ್ನು ತೆರೆದೂ ನೋಡದೆ ಅದರಿಂದಲೇ ಗಾಳಿ ಬೀಸಿಕೊಂಡರು. ಸಣ್ಣ ಕಸುಬಿನವರ ಜೊತೆ ಪಾಲಿಗೆ ಬಂಡವಾಳ ಹಾಕುವವರೆಂದು ಅವರಿಗೆ ಹೆಸರಿತ್ತು. ಸಣ್ಣ ಉದ್ಯಮಗಳಿಗೆ ನೆರವಾಗುವ ನಮ್ಮ ಕಚೇರಿಯ ಪರವಾಗಿ ನಾನು ಗೌರಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡಿನ ಬಳಿ ಶೇಂಗಾ ಚಟ್ನಿಪುಡಿ ಮಾರುತ್ತಿದ್ದವಳು ಆಕೆ. ಒರಳಲ್ಲಿ ಕುಟ್ಟಿ ಕುಟ್ಟಿ ರಟ್ಟೆ ಸೋತುಹೋಗಿತ್ತು. ಪುಡಿ ಮಾಡುವ ಮಷೀನು ಬೇಕಿತ್ತು.

"ಮೂರು ದಿನ ಅಂಗಡಿ ಮುಚ್ಚಮ್ಮ, ಆಮೇಲೆ ಬಾ," ಅಂದರು ಸಾಹೇಬರು.

"ಗಿರಾಕಿಗಳು ಬೇರೆ ಕಡೆ ಹೋಗಿಬಿಟ್ರೆ ಏನ್ ಮಾಡ್ಲಿ ಸಾಹೇಬ್ರೆ?"

"ಹಂಗೆ ಹೋಗೋರು ಮಷೀನ್ ಬಂದ್ಮೇಲೂ ಹೋಗ್ತಾರೆ. ಈಗ್ಲೇ ಹೋಗ್ಲಿ ಬಿಡು, ನನ್ ದುಡ್ಡಾದ್ರೂ ಉಳೀತೈತೆ."

"ಎಂಥೋರ ಹತ್ರ ಕರ್ಕಂಡ್ ಬಂದ್ರಿ ಮೇಡಂ!" ಎಂದು ಗೌರಮ್ಮ ದಾರಿಯುದ್ದಕ್ಕೂ ನನ್ನನ್ನು ಬೈದಳು. ಆದರೂ ಅಂಗಡಿ ಮುಚ್ಚಿದಳು.

ನಾಲ್ಕನೇ ದಿನ ಮತ್ತೆ ಹೋದೆವು. ಸಾಹೇಬರು ಕೇಳಿದ್ದು ಒಂದೇ: "ಮನೆ ತನಕ ಬಂದು ಬೈದೋರು ಎಷ್ಟು ಜನ?"

"ಏಳು ಜನ ರೀ. ಶ್ರೀರಾಂಪುರ ಬಸ್ಸಿನ ಕಂಡಕ್ಟರ್ ಅಂತೂ, 'ಏನಕ್ಕ, ಮೂರು ದಿನದಿಂದ ಬರೇ ರೊಟ್ಟಿ ತಿಂತಿದೀನಿ' ಅಂತ ಬಾಗಿಲಲ್ಲೇ ನಿಂತಿದ್ದ."

"ಸಾಕು. ಹೋಗಿ ಮಷೀನ್ ನೋಡ್ಕಂಡ್ ಬರ್ರಿ."

ನನ್ನ ಎಂಟು ಪುಟದಲ್ಲಿ ಮಷೀನಿನ ಬೆಲೆಯಿತ್ತು, ಬರಬಹುದಾದ ಲಾಭವಿತ್ತು. ಆ ಕಂಡಕ್ಟರ್ ಮಾತ್ರ ಎಲ್ಲೂ ಇರಲಿಲ್ಲ.

ಈ ಪರೀಕ್ಷೆ ನನಗೂ ಆಗಿಬಿಡಲಿ ಎಂದು ಮುಂದಿನ ತಿಂಗಳು ಮೂರು ದಿನ ರಜೆ ಹಾಕಿ ಮನೆಯಲ್ಲಿ ಕೂತೆ. ಎರಡನೇ ದಿನ ಕಚೇರಿಯ ಜವಾನ ಬಂದು ಬಾಗಿಲು ತಟ್ಟಿದಾಗ ಎದೆಯುಬ್ಬಿದ್ದು ನಿಜ. ಅವನಿಗೆ ಬೇಕಾಗಿದ್ದುದು ಬೀರುವಿನ ಕೀಲಿಕೈ.