ಕೆಳಗಿನ ಹಿತ್ತಾಳೆ ಸ್ಕ್ರೂ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದೆವ್ವ, ಮಾಟ, ಕನಸಿನಲ್ಲಿ ಬಂದು ಹೇಳಿದ ದೇವರು, ಇಂಥ ಮಾತು ಸ್ಟಾಫ್ ರೂಮಿನಲ್ಲಿ ಎದ್ದಾಗಲೆಲ್ಲ ಮೊದಲು ನಗುತ್ತಿದ್ದವಳು ನಾನೇ. ಕಣ್ಣಾರೆ ಕಂಡಿದ್ದೀರಾ, ಕಿವಿಯಾರೆ ಕೇಳಿದ್ದೀರಾ ಎಂದು ಎದುರಿನವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಕಿವಿಯಾರೆ ಕೇಳಿದ್ದನ್ನೇ ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಗಂಡನಿಂದ ಬೇರೆಯಾಗಿ, ಹೊಳೆನರಸೀಪುರಕ್ಕೆ ವರ್ಗ ಮಾಡಿಸಿಕೊಂಡು ಒಂದು ಬಾಡಿಗೆ ಮನೆ ಹಿಡಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನೀರಿನ ಸಂಪು. ನನ್ನ ಬದುಕಿನಲ್ಲಿ ಮೊದಲ ಸಲ ಒಂದು ಬೀಗದಕೈ ನನ್ನೊಬ್ಬಳದೇ ಆಗಿತ್ತು. ಚನ್ನರಾಯಪಟ್ಟಣದ ಅಣ್ಣನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಕೆಟ್ಟವನಲ್ಲ ಅವನು, ಭಯ ಅವನಿಗೆ. ಆದರೆ ಭಯವನ್ನು ಬೈಗುಳದಲ್ಲಿ ಸುತ್ತಿಕೊಡುವುದು ನಮ್ಮ ಮನೆಯ ಗಂಡಸರ ಅಭ್ಯಾಸ.

"ಒಂದು ಬಲ್ಬು ಬದಲಾಯಿಸಕ್ಕೆ ಬರಲ್ಲ ನಿಂಗೆ. ಒಬ್ಬಳೇ ಹೆಂಗಿರ್ತೀಯ? ದೀಪಾವಳಿಗೆ ಮುಂಚೆ ಒಂದ್ಸಲ ಬಂದು ನೋಡ್ತೀನಿ. ಎಲ್ಲ ಸರಿಯಾಗಿದ್ರೆ ಇರು. ಇಲ್ದಿದ್ರೆ ಸಾಮಾನು ಕಟ್ಕೊಂಡು ನಮ್ಮನೇಗೆ ಬಾ" ಎಂದ. ನಾನೂ ರೋಷಕ್ಕೆ ಬಿದ್ದು ಆಗಲಿ ಎಂದೆ.

ಬಲ್ಬಿನ ಮಾತು ಸುಳ್ಳೇನಲ್ಲ. ಓಮನ ನಿಯಮವನ್ನು ಬೋರ್ಡಿನ ಮೇಲೆ ನಿದ್ದೆಗಣ್ಣಲ್ಲೂ ಬರೆಯುತ್ತಿದ್ದೆ, ಫ್ಯೂಸ್ ಹೋದರೆ ಮಾತ್ರ ಮೇಣದ ಬತ್ತಿ ಹುಡುಕುತ್ತಿದ್ದೆ. ಆದರೆ ಆ ಜೂನ್‌ನಿಂದ ನಾನು ಕಲಿಯತೊಡಗಿದೆ. ಟೆಸ್ಟರು, ಇಕ್ಕಳ, ಎರಡು ಬಗೆಯ ಸ್ಕ್ರೂಡ್ರೈವರ್ ತಂದೆ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿದೆ. ಮಳೆಗೆ ಉಬ್ಬಿ ಕೂತಿದ್ದ ಬಚ್ಚಲ ಬಾಗಿಲನ್ನು ಉಜ್ಜುಕಾಗದದಲ್ಲಿ ಮೂರು ಸಂಜೆ ಉಜ್ಜಿ ಹದಕ್ಕೆ ತಂದೆ. ಆ ಬಾಗಿಲು ಕಿರ್ ಎನ್ನದೆ ಮುಚ್ಚಿಕೊಂಡ ದಿನ ನನಗಾದ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅಣ್ಣ ಬರುವ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸಂಪಿನ ಮೋಟರ್ ಹಾಕಿದರೆ ಗುಂಯ್ ಎಂದಿತು, ತಿರುಗಲಿಲ್ಲ. ಮೇಲಿನ ಟ್ಯಾಂಕು ಖಾಲಿ. ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಮನೆಯ ಮಾಲೀಕರಿಗೆ ಫೋನ್ ಮಾಡಿದೆ, ಹಾಸನದಲ್ಲಿದ್ದವರು ನಾಳೆ ಯಾರನ್ನಾದರೂ ಕಳಿಸುತ್ತೇನೆ ಎಂದರು. ಅಣ್ಣ ಬರುವುದು ಹನ್ನೊಂದಕ್ಕೆ. ಪಕ್ಕದ ಮನೆಯವರು ಎರಡು ಕೊಡ ನೀರು ಕೊಟ್ಟಾರು, ಆದರೆ ಅವನು ಬಂದವನೇ ಕೈಕಾಲು ತೊಳೆಯಲು ನಲ್ಲಿ ತಿರುಗಿಸುತ್ತಾನೆ, ನನ್ನನ್ನು ಕರೆದೊಯ್ಯಲು ಅಷ್ಟು ಸಾಕು. ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಕಣ್ಣು ಒರೆಸಿಕೊಂಡಾಗ ಮೋಟರಿನ ಸ್ವಿಚ್ ಡಬ್ಬಿ ಕಂಡಿತು. ಅದರ ಮುಚ್ಚಳದ ಮೇಲೆ ಕಪ್ಪು ಬಣ್ಣದಲ್ಲಿ 'ಮೋಟರ್ ರಿಪೇರಿ ಸಣ್ಣಯ್ಯ' ಎಂದು ಬರೆದು ಕೆಳಗೆ ನಂಬರು ಹಾಕಿತ್ತು. ಯಾರೋ ಏನೋ, ಆ ನಂಬರಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಆಮೇಲೆ ಒಂದು ದೀರ್ಘ ಉಸಿರು, ಅದರ ಹಿಂದೆ ವಯಸ್ಸಾದ ಗಂಡಸಿನ ತುಂಬಿದ ದನಿ.

"ಏನಾಯ್ತವ್ವ, ಯೋಳು."

ಹೇಳಿದೆ. ಯಾವ ಬೀದಿ, ಯಾವ ಮನೆ ಎಂದು ಕೇಳಿದರು. ಫೋನನ್ನು ಮೋಟರ್ ಹತ್ತಿರ ಹಿಡಿದು ಒಂದು ಕ್ಷಣ ಸ್ವಿಚ್ ಹಾಕಿ ತೆಗೆಯಲು ಹೇಳಿದರು. ಮಾಡಿದೆ. ಇನ್ನೊಮ್ಮೆ ಮಾಡಿಸಿ ಕೇಳಿಸಿಕೊಂಡರು.

"ಸುತ್ತಿರೋ ತಂತಿ ಸುಟ್ಟಿಲ್ಲ ಕಣವ್ವ. ಏನೋ ಇಡ್ಕಂಡದೆ. ಮೊದ್ಲು ಮೇನು ಆಫ್ ಮಾಡು."

ಮಾಡಿದೆ ಎಂದೆ.

"ಮಾಡ್ದೆ ಅನ್ಬ್ಯಾಡ, ಇನ್ನೊಂದ್ಸಲ ಓಗಿ ನೋಡ್ಕಂಡು ಬಾ. ಕರೆಂಟು ಯಾರ ಮಗ್ಳು ಅಂತ ಕೇಳಾಕಿಲ್ಲ."

ಹೋಗಿ ನೋಡಿದೆ. ಆಫ್ ಆಗಿತ್ತು.

"ಈಗ ಇಂದ್ಗಡೆ ಮುಚ್ಚಳ ಬಿಚ್ಚು. ಮೂರು ಸ್ಕ್ರೂ ಅವೆ. ಕೆಳಗಿಂದು ಇತ್ತಾಳೇದು, ನಾನೇ ಆಕಿದ್ದು. ಅದ್ರ ತಲೆ ಸವೆದದೆ, ಮೆಲ್ಲಕೆ ಒತ್ತಿ ತಿರುಗ್ಸು."

ಬಗ್ಗಿ ನೋಡಿದೆ. ಎರಡು ಕಬ್ಬಿಣದವು. ಕೆಳಗಿನದು ಧೂಳಿನಡಿ ಹಳದಿಯಾಗಿ ಮಿಂಚಿತು, ಹಿತ್ತಾಳೆಯದೇ.

ಮುಚ್ಚಳ ಬಂದಾಗ ನಾಚಿಕೆಯಿಂದ ಸತ್ತೆ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಇಕ್ಕಳಗಳ ಜೊತೆ ಮೋಟರಿಗೂ ವಿಭೂತಿ ಕುಂಕುಮ ಇಟ್ಟು ಒಂದು ಮೊಳ ಚೆಂಡುಹೂ ಹಾಕಿದ್ದೆ. ಜಾರದಿರಲಿ ಎಂದು ದಾರದ ತುದಿಯನ್ನು ಆ ಮುಚ್ಚಳದ ಸೀಳಿನೊಳಗೆ ತುರುಕಿದವಳೂ ನಾನೇ, ವಿಜ್ಞಾನದ ಮೇಡಂ. ಎರಡು ವಾರದಲ್ಲಿ ಮೋಟರಿನ ಹಿಂದಿನ ಫ್ಯಾನು ಆ ದಾರವನ್ನು ಎಳೆದೆಳೆದು ತನ್ನ ಕತ್ತಿಗೇ ಬಿಗಿದುಕೊಂಡಿತ್ತು. ಇದನ್ನು ಹೇಳಿದಾಗ ಆ ಕಡೆಯಿಂದ ನಗು ಕೇಳಿಸಿತು.

"ಪರ್ಪಂಚದಲ್ಲಿ ಎಲ್ರೂ ಮಾಡೋದೇ ಬುಡವ್ವ."

ದಾರ ಕತ್ತರಿಸಿ ಎಳೆದು ತೆಗೆದೆ. ಫ್ಯಾನನ್ನು ಕೈಯಲ್ಲಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ಮುಚ್ಚಳ ಹಾಕಿ ಸ್ವಿಚ್ ಒತ್ತಿದರೆ ಮೋಟರ್ ಓಡಿತು, ನೀರು ಮಾತ್ರ ಏರಲಿಲ್ಲ. ಮತ್ತೆ ಆಫ್ ಮಾಡಿಸಿ, ಪಂಪಿನ ಮೇಲಿನ ಬಿರಡೆ ಬಿಚ್ಚಿ, ಗಾಳಿ ಹೋಗಿ ಗುಳ್ಳೆ ನಿಲ್ಲುವವರೆಗೆ ನೀರು ತುಂಬಿಸಲು ಹೇಳಿದರು. ಸಂಪಿನಿಂದ ಹಗ್ಗ ಕಟ್ಟಿ ಬಕೆಟ್ಟಿನಲ್ಲಿ ಸೇದಿ ತುಂಬಿದೆ. ಈ ಸಲ ಸ್ವಿಚ್ ಹಾಕಿದಾಗ ಮೇಲಿನ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಕುಣಿಯುತ್ತಾ ಫೋನ್ ಎತ್ತಿಕೊಂಡೆ. ಕರೆ ಕಟ್ಟಾಗಿತ್ತು. ಹನ್ನೊಂದು ನಿಮಿಷ ಮಾತಾಡಿದ್ದೇವೆ ಎಂದು ತೋರಿಸುತ್ತಿತ್ತು. ಮತ್ತೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಅಣ್ಣ ಬಂದ. ನಲ್ಲಿ ತಿರುಗಿಸಿ ಕೈಕಾಲು ತೊಳೆದ. ನನ್ನ ಕೈಯ ಕರಿ ನೋಡಿ ಯಾರನ್ನು ಕರೆಸಿದ್ದೆ ಎಂದ. ಯಾರನ್ನೂ ಇಲ್ಲ ಎಂದೆ. ಊಟ ಮಾಡಿ, ಬಚ್ಚಲ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿ, ಸಾಯಂಕಾಲ ಖಾಲಿ ಕಾರಿನಲ್ಲಿ ಹೊರಟ. ಹೊರಡುವಾಗ ನನ್ನ ತಲೆ ಮುಟ್ಟಿದ.

ಇಷ್ಟೇ ಆಗಿದ್ದರೆ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ಮುಂದಿನ ಭಾನುವಾರ, ಸಣ್ಣಯ್ಯನವರಿಗೆ ಕೃತಜ್ಞತೆ ಹೇಳಬೇಕೆಂದು, ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿಕೊಂಡು ಅರಕಲಗೂಡು ರಸ್ತೆಯ ಅವರ ಹಳ್ಳಿಗೆ ಹಣ್ಣು ಹಿಡಿದು ಹೋದೆ. ಅವರ ಹೆಂಡತಿ ಕೆಂಪಮ್ಮ ಜಗಲಿಯಲ್ಲಿ ಕೂರಿಸಿದರು. ನಾನು ಬಂದ ಕಾರಣ ಕೇಳಿ ಅವರ ಮುಖ ಬದಲಾಯಿತು.

"ಯಾರ ತಾವ ಮಾತಾಡ್ದೆ ನೀನು? ಯುಗಾದೀಲಿ ಲಕ್ವ ಒಡೆದಾಗಿಂದ ಅವ್ರಿಗೆ ಮಾತೇ ಇಲ್ಲ ಕಣವ್ವ. ಏಳು ತಿಂಗ್ಳಾಯ್ತು."

ಒಳಗೆ ಕರೆದೊಯ್ದರು. ಸಣ್ಣಯ್ಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ತಲೆದೆಸೆಯಲ್ಲಿ ಫೋನು. ಆ ಭಾನುವಾರ ಬೆಳಿಗ್ಗೆ ಕೆಂಪಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದರಂತೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಿರುಗಿದಾಗ ಫೋನು ಅವರ ಎದೆಯ ಮೇಲಿತ್ತು, ಅವರು ಬೆವೆತಿದ್ದರು.

ಮಂಚದ ಬಳಿ ಕೂತು, "ನೀರು ಬಂತು" ಎಂದೆ. ಅವರು ನನ್ನನ್ನೇ ನೋಡಿದರು. ಎಡಗೈ ಮೆಲ್ಲಗೆ ಎದ್ದು, ಗಾಳಿಯಲ್ಲಿ ಸ್ಕ್ರೂ ತಿರುಗಿಸುವ ಹಾಗೆ ಎರಡು ಸುತ್ತು ತಿರುಗಿತು. ಮಾತಾಡಲು ಹೋದರು, ಬರಿಯ 'ಆ' ಎಂಬ ಉಸಿರು ಬಂತು. ಕೆಂಪಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದರು.

ಹಾಸನದಲ್ಲಿ ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ಮಾತು ಹೋದವರು ಕೆಲವೊಮ್ಮೆ ಹಳೆಯ ಹಾಡು, ಎಣಿಕೆ, ಬೈಗುಳ ಇಂಥವನ್ನು ತಟಕ್ಕನೆ ಆಡುವುದುಂಟು ಎಂದರು. ಹನ್ನೊಂದು ನಿಮಿಷ, ಪ್ರಶ್ನೆಗೆ ಉತ್ತರ, ಮೇಲೆ ಒಂದು ನಗು ಎಂದಾಗ ಅವರು ಅದು ಸಾಧ್ಯವಿಲ್ಲ ಎಂದು ಬೇರೆ ಮಾತು ತೆಗೆದರು.

ಅವರ ಋಣ ತೀರಿಸಲು ನನಗೆ ಬೇರೆ ಏನೂ ತೋಚಲಿಲ್ಲ, ಕೆಟ್ಟ ಸಾಮಾನು ಹಿಡಿದು ಅಲ್ಲಿಗೆ ಹೋಗತೊಡಗಿದೆ. ತಿಂಗಳಿಗೆ ಎರಡು ಭಾನುವಾರ. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಸಹೋದ್ಯೋಗಿಗಳ ಮನೆಯ ಮಿಕ್ಸಿ. ಅವರ ಮುಂದೆ ಚಾಪೆ ಹಾಸಿ ಬಿಚ್ಚುತ್ತಿದ್ದೆ. ಅವರು ಸದ್ದು ಕೇಳಿಸಿಕೊಂಡು ಎಡಗೈಯಲ್ಲಿ ತೋರಿಸುತ್ತಿದ್ದರು, ತಪ್ಪಾದರೆ ಮಂಚ ಕುಟ್ಟುತ್ತಿದ್ದರು. ಹೀಗೆ ಒಂದು ವರ್ಷ ಕಳೆಯಿತು. ಒಂದು ದಿನ ಮಾತಿನ ಭರದಲ್ಲಿ ಪ್ಲಗ್ ಕೀಳದೆಯೇ ಮಿಕ್ಸಿಯ ತಳಕ್ಕೆ ಸ್ಕ್ರೂಡ್ರೈವರ್ ಇಟ್ಟೆ.

"ಮೇನು."

ತೊದಲು, ಅರ್ಧ ನಾಲಿಗೆ. ಆದರೂ ನನಗೆ ಗೊತ್ತಿದ್ದ ದನಿ. ಕೆಂಪಮ್ಮ ಅಡುಗೆಮನೆಯಿಂದ ಓಡಿಬಂದು ನನ್ನನ್ನೂ ಅವರನ್ನೂ ನೋಡುತ್ತಾ ನಿಂತರು. "ಇನ್ನೊಂದ್ಸಲ ಅನ್ನಿ" ಎಂದರು. ಅವರು ಅಂದರು. ನಾವು ಮೂವರೂ ಅತ್ತೆವು.

ಅಲ್ಲಿಂದ ಒಂದೊಂದೇ ಮಾತು ಬಂದಿದೆ. ಈಗ ಚಿಕ್ಕ ವಾಕ್ಯ ಆಡುತ್ತಾರೆ, ಕೋಲು ಹಿಡಿದು ಜಗಲಿಗೆ ಬರುತ್ತಾರೆ. ನಾನು ಅದೇ ಮನೆಯಲ್ಲಿದ್ದೇನೆ. ನನ್ನ ಆ ಹಳೆಯ ಫೋನು ಕೆಟ್ಟು ಕರೆಯ ಗುರುತು ಅಳಿಸಿಹೋಗಿದೆ. ಸಾಕ್ಷಿ ಎಂದರೆ ಆ ಹಿತ್ತಾಳೆ ಸ್ಕ್ರೂ ಒಂದೇ, ಅದೂ ಏನನ್ನೂ ಸಾಬೀತು ಮಾಡುವುದಿಲ್ಲ.

ಹೋದ ತಿಂಗಳು ಅವರ ಜಗಲಿಯಲ್ಲಿ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವತ್ತು ಫೋನಿನಲ್ಲಿ ಮಾತಾಡಿದ್ದು ನೀವೇನಾ ಎಂದು. ಸಣ್ಣಯ್ಯ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಒಂದೊಂದೇ ಪದ ಹುಡುಕಿ ಹೇಳಿದರು.

"ಇಸ್ಕೂಲ್ ಮೇಡಮ್ಮು ನೀನು. ನೀನೇ ಯೋಳು."

ನಾನು ಪ್ಲಗ್ ಕಿತ್ತಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಮುಚ್ಚಳದ ಸ್ಕ್ರೂ ಬಿಗಿಮಾಡತೊಡಗಿದೆ.